ಪೊರಕೆಕಡ್ಡಿಯ ಲೆಕ್ಕ

42ರಲ್ಲಿ 17 ಕಳೆದರೆ 35 ಎಂದು ಮಗಳು ಬರೆದಳು. ತಪ್ಪು ಎಂದೆ. ಅಳಿಸಿ ಮತ್ತೆ 35 ಎಂದೇ ಬರೆದಳು. "ಸರಿಯಾಗಿ ನೋಡೇ" ಎಂದೆ, ದನಿ ಏರಿತ್ತು. ಮೂರನೆಯ ಸಲ ಅಳಿಸುವಾಗ ರಬ್ಬರಿನ ಉಜ್ಜಾಟಕ್ಕೆ ಹಾಳೆಯೇ ತೂತಾಯಿತು. ನಾನು ಪೆನ್ಸಿಲ್ ಕಿತ್ತುಕೊಂಡೆ. "ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಸಾಲ ತಂದರೆ ಹನ್ನೆರಡು, ಹನ್ನೆರಡರಲ್ಲಿ ಏಳು ಹೋದರೆ ಐದು. ನಾಲ್ಕು ಈಗ ಮೂರಾಯಿತು, ಅದರಲ್ಲಿ ಒಂದು ಹೋದರೆ ಎರಡು. ಗೊತ್ತಾಯಿತಾ?" ಹೂಂ ಎಂದಳು. ಮುಂದಿನ ಲೆಕ್ಕ 53ರಲ್ಲಿ 26. ಅದಕ್ಕೆ 33 ಎಂದು ಬರೆದು, ಪುಸ್ತಕ ಮುಚ್ಚಿ, ಹೊಟ್ಟೆ ನೋಯುತ್ತಿದೆ ಎಂದಳು. ಸಂಜೆ ಏಳು ಗಂಟೆಯಾಗುತ್ತಲೇ ಹೊಟ್ಟೆನೋವು ಬರುವುದು ಆ ಮಳೆಗಾಲದಲ್ಲಿ ವಾಡಿಕೆಯಾಗಿಬಿಟ್ಟಿತ್ತು.

ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ರಾಶಿ ಇಷ್ಟು ಚೀಲ, ಬೆಟ್ಟೆ ಇಷ್ಟು, ಗೊರಬಲು ಇಷ್ಟು, ತೂಕ, ದರ, ಹಮಾಲಿ ಎಂದು ದಿನವಿಡೀ ಕೂಡಿ ಕಳೆದು ಮಾಡುವವನು. ಜೊತೆಯವರು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಮೊತ್ತ ಹೇಳಿಬಿಡುತ್ತೇನೆ ಎಂಬ ಹೆಮ್ಮೆಯೂ ಇದೆ. ಇಂಥವನ ಮಗಳು ಎರಡನೇ ತರಗತಿಯಲ್ಲಿ ಕಳೆಯುವ ಲೆಕ್ಕಕ್ಕೆ ತಿಣುಕುತ್ತಾಳೆಂದರೆ ಅದು ನನ್ನ ಮರ್ಯಾದೆಯ ಪ್ರಶ್ನೆ ಎಂದು ಆಗ ಅನ್ನಿಸಿತ್ತು. ದಪ್ಪದೊಂದು ಅಭ್ಯಾಸ ಪುಸ್ತಕ ತಂದೆ. ದಿನಕ್ಕೆ ಎರಡು ಪುಟ, ಮೊಬೈಲಿನಲ್ಲಿ ಹತ್ತು ನಿಮಿಷದ ಅಲಾರಂ. ಹನ್ನೊಂದನೆಯ ಪುಟದ ಆಚೆಗೆ ಆ ಪುಸ್ತಕ ಇಂದಿಗೂ ಖಾಲಿ.

ಅಮ್ಮನ ಔಷಧಿ ಬೇರೆ. ದೇವರಿಗೆ ದೀಪ ಹಚ್ಚಿದ ಮೇಲೆ ಮಗ್ಗಿ. "ಎರಡೊಂದಲ ಎರಡು, ಎರಡೆರಡಲ ನಾಲ್ಕು" ಎಂದು ಮೊಮ್ಮಗಳು ರಾಗವಾಗಿ ಹೇಳುತ್ತಿದ್ದಳು, ಐದರ ಮಗ್ಗಿಯವರೆಗೆ ಒಂದೂ ತಪ್ಪುತ್ತಿರಲಿಲ್ಲ. ಆದರೆ ನಾಲ್ಕು ಮೂರಲ ಎಷ್ಟು ಎಂದು ನಡುವಿನಿಂದ ಕೇಳಿದರೆ "ನಾಲ್ಕೊಂದಲ" ಎಂದು ಮೊದಲಿನಿಂದ ಹಾಡಿಕೊಂಡು ಬರಬೇಕು. ಹೆಂಡತಿಯಂತೂ ಲೆಕ್ಕ ಎಂಬ ಶಬ್ದ ಕೇಳಿದರೆ ಅಡುಗೆಮನೆ ಸೇರುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಪಾಸಾದದ್ದು ದೇವರ ದಯೆ ಎಂದು ಈಗಲೂ ಹೇಳುತ್ತಾಳೆ. ಅದನ್ನು ಮಗಳ ಎದುರಿಗೇ ಹೇಳುತ್ತಿದ್ದಳು, ನಾನೂ ನಗುತ್ತಿದ್ದೆ.

ಶ್ರಾವಣದ ಒಂದು ಶನಿವಾರ ಶಾಲೆಗೆ ಹೋದೆ. ದೂರು ಹೇಳುವುದಕ್ಕೇ ಹೋದದ್ದು. ನಮ್ಮದು ಸರ್ಕಾರಿ ಶಾಲೆ, ನಲಿ-ಕಲಿ ಕೊಠಡಿ. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಗುಂಪು ಗುಂಪಾಗಿ ಒಟ್ಟಿಗೇ ಕೂರುತ್ತಾರೆ. ತಲೆಯ ಮೇಲೆ ದಾರ ಕಟ್ಟಿ ಚಿತ್ರ, ಕಾರ್ಡುಗಳನ್ನು ತೂಗುಹಾಕಿದ ಕಲಿಕಾ ಚಪ್ಪರ, ಗೋಡೆಯಲ್ಲಿ ಕಲಿಕಾ ಏಣಿ, ಮಕ್ಕಳ ಕೈಗೆಟುಕುವಷ್ಟು ಕೆಳಗೆ ಕಪ್ಪುಹಲಗೆ. ಒಂದು ಗುಂಪಿಗೆ ಟೀಚರ್ ಕಲಿಸುತ್ತಿದ್ದರೆ ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಿರುತ್ತಾರೆ, ಮತ್ತೊಂದು ತನ್ನಷ್ಟಕ್ಕೆ ತಾನು ಕಾರ್ಡು ಹಿಡಿದು ಕೂತಿರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಇದು. ಸಾಲಾಗಿ ಕೂತು ಬೆತ್ತಕ್ಕೆ ಹೆದರಿ ಕಲಿತ ನನ್ನ ಕಣ್ಣಿಗೆ ಸಂತೆಯ ಹಾಗೆ ಕಂಡಿತು. ಆಟ ಜಾಸ್ತಿಯಾಗಿದೆ, ಲೆಕ್ಕ ಬರುತ್ತಿಲ್ಲ ಎಂದು ಟೀಚರಿಗೆ ಹೇಳಿದೆ.

ಅವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಮೂವತ್ತೈದು ಎಲ್ಲಿಂದ ಬಂತು ಎಂದು ಅವಳನ್ನು ಕೇಳಿದಿರಾ?"

ಕೇಳಿರಲಿಲ್ಲ. ಮಂಡಿಯಲ್ಲಿ ದಿನದ ಲೆಕ್ಕ ಹತ್ತು ರೂಪಾಯಿ ತಾಳೆಯಾಗದಿದ್ದರೂ ಎಲ್ಲಿ ಜಾರಿತು ಎಂದು ಚೀಟಿ ಚೀಟಿ ತಿರುವಿ ಹುಡುಕುವವನು ನಾನು. ಮಗಳ ಲೆಕ್ಕ ತಾಳೆಯಾಗದಿದ್ದಾಗ ಮಾತ್ರ ಅಳಿಸು ಎಂದುಬಿಟ್ಟಿದ್ದೆ.

"ಎರಡು ವಾರ ಪುಸ್ತಕ ಮುಚ್ಚಿಡಿ. ಮನೆಯಲ್ಲಿ ಕಡ್ಡಿ ಇರುತ್ತವಲ್ಲ, ಹತ್ತು ಹತ್ತು ಎಣಿಸಿ ಕಟ್ಟು ಮಾಡಿಸಿ. ಅವಳ ಕೈಯಲ್ಲಿ ಏನಿದೆಯೋ ಅದನ್ನು ನೀವು ಮುಟ್ಟಬೇಡಿ. ಕಷ್ಟವಾದರೆ ಕೈಕಟ್ಟಿ ಕೂತುಕೊಳ್ಳಿ" ಎಂದರು. ಕೈಕಟ್ಟಿ ಕೂರುವ ಶಿಕ್ಷೆ ಇಷ್ಟು ವರ್ಷಗಳ ಮೇಲೆ ಮತ್ತೆ ನನಗೆ!

ಅಂದು ಸಂಜೆ ಹಳೆಯ ಪುಟ ತೆಗೆದು, "ಪುಟ್ಟಿ, ಇದನ್ನು ಹೇಗೆ ಮಾಡಿದೆ?" ಎಂದು ಕೇಳಿದೆ. ಮಾತು ಮುಗಿಯುವ ಮೊದಲೇ ಅವಳು ರಬ್ಬರ್ ಎತ್ತಿಕೊಂಡಳು. ಅಪ್ಪ ಹೇಗೆ ಎಂದು ಕೇಳಿದನೆಂದರೆ ತಪ್ಪಾಗಿದೆ ಎಂದೇ ಅರ್ಥ. ಹಾಗಾಗಿ ಕೆಲವು ದಿನ ಸರಿಯಾದ ಲೆಕ್ಕಗಳಿಗೂ ಅದೇ ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡೆ. 8ಕ್ಕೆ 5 ಕೂಡಿಸಿ 13 ಎಂದರೂ "ಹೇಗೆ?" ಎಂದೆ. "ಎಂಟಕ್ಕೆ ಎರಡು ಕೊಟ್ಟರೆ ಹತ್ತು, ಐದರಲ್ಲಿ ಇನ್ನು ಮೂರು ಉಳಿಯಿತು" ಎಂದಳು. ಅವಳು ಬೆರಳು ಮಡಿಸಿ ಎಣಿಸುತ್ತಾಳೆ ಎಂದುಕೊಂಡಿದ್ದೆ. ಇಷ್ಟು ಚಂದದ ಉಪಾಯ ಆ ತಲೆಯಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ನಾಲ್ಕನೆಯ ದಿನವೋ ಐದನೆಯ ದಿನವೋ 35ರ ಗುಟ್ಟು ಹೊರಬಿತ್ತು. "ಎರಡರಲ್ಲಿ ಏಳು ಹೋಗುವುದಿಲ್ಲ ತಾನೇ? ಅದಕ್ಕೇ ಏಳರಲ್ಲಿ ಎರಡು ಕಳೆದೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ನೀನೇ ಹೇಳಿದ್ದೆಯಲ್ಲ ಅಪ್ಪಯ್ಯ." ಹೇಳಿದ್ದೆ, ಹಿಂದಿನ ವರ್ಷ. ಅವಳು ನಿಯಮ ಮುರಿದಿರಲಿಲ್ಲ, ನನ್ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಪಕ್ಕದ ಮನೆಯ ಸಾಲದ ವಿಷಯಕ್ಕೂ ಅವಳದೊಂದು ತಕರಾರು ಇತ್ತು. "ಸಾಲ ತರುತ್ತೀಯಲ್ಲ, ವಾಪಸ್ ಕೊಡುವುದು ಯಾವಾಗ?" ಸಾಲ ಎಂಬ ಮಾತನ್ನು ನಾನು ಕೈಬಿಟ್ಟದ್ದು ಅಂದೇ. ಅಲ್ಲಿ ಯಾರೂ ಯಾರಿಗೂ ಸಾಲ ಕೊಡುವುದಿಲ್ಲ. ಹತ್ತರ ಒಂದು ಕಟ್ಟನ್ನು ಬಿಚ್ಚುತ್ತೇವೆ, ಅಷ್ಟೇ.

ಕಟ್ಟು ಬಿಚ್ಚುವುದನ್ನು ನೋಡಿದ ಸಂಜೆ ಚೆನ್ನಾಗಿ ನೆನಪಿದೆ. ಅಮ್ಮನ ತೆಂಗಿನಕಡ್ಡಿಯ ಪೊರಕೆಯಿಂದ ಎಳೆದು, ಗೇಣುದ್ದಕ್ಕೆ ಮುರಿದು ನೂರರಷ್ಟು ಕಡ್ಡಿ ಮಾಡಿಕೊಂಡಿದ್ದೆವು. ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕುವುದು ಅವಳ ಕೆಲಸ. ಆಟದಲ್ಲಿ ನಾನು ಗಿರಾಕಿ, ಅವಳು ಕಡ್ಡಿ ಅಂಗಡಿಯವಳು. ಅವಳ ಮುಂದೆ ನಾಲ್ಕು ಕಟ್ಟು, ಎರಡು ಬಿಡಿ. "ಹದಿನೇಳು ಕಡ್ಡಿ ಕೊಡಿ ಅಮ್ಮಾವರೇ" ಎಂದೆ. ಒಂದು ಕಟ್ಟು ತಳ್ಳಿದಳು. ಬಿಡಿ ಎರಡನ್ನೂ ತಳ್ಳಿದಳು. ಆಮೇಲೆ ಕೈ ನಿಂತಿತು. ಕಟ್ಟುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಟ್ಟುಗಳನ್ನು ನೋಡಿದಳು. ಹೊರಗೆ ಮಳೆ ಹೊಯ್ಯುತ್ತಿತ್ತು. ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಕುಣಿಯುತ್ತಿತ್ತು. ನಿಜಕ್ಕೂ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಒಂದು ನಿಮಿಷವಿದ್ದೀತು, ಮಂಡಿಯ ಇಡೀ ಮಧ್ಯಾಹ್ನಕ್ಕಿಂತ ಉದ್ದವಾಗಿತ್ತು. ಕೊನೆಗೆ ಮೆಲ್ಲನೆ ಕೇಳಿದಳು, "ಇದನ್ನು ಬಿಚ್ಚಬಹುದಾ?"

"ಅಂಗಡಿ ನಿಮ್ಮದು" ಎಂದೆ.

ರಬ್ಬರ್ ಬ್ಯಾಂಡ್ ಚಿಮ್ಮಿ ಮಂಚದ ಕೆಳಗೆ ಹೋಯಿತು. ಹತ್ತು ಕಡ್ಡಿ ಚದುರಿದವು. ಅದರಲ್ಲಿ ಐದನ್ನು ಎಣಿಸಿ ನನ್ನ ಕಡೆಗೆ ತಳ್ಳಿ, ಉಳಿದದ್ದನ್ನು ನೋಡಿ "ಎರಡು ಕಟ್ಟು, ಐದು ಬಿಡಿ. ಇಪ್ಪತ್ತೈದು" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಎದ್ದು ಹೋಗಿ ತೂತು ಬಿದ್ದ ಆ ಹಾಳೆಯನ್ನು ತೆಗೆದು, 35ರ ಮೇಲೆ ಗೀಟು ಎಳೆದಳು. ಈ ಸಲ ಅಳಿಸಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಡ್ಡಿ ಹಿಡಿದರೆ ಸರಿ, ಕಾಗದಕ್ಕೆ ಬಂದರೆ ಮತ್ತೆ ಅದೇ 33. ಹತ್ತು ಹನ್ನೆರಡು ದಿನ ಹೀಗೇ ನಡೆಯಿತು. ಮತ್ತೆ ಟೀಚರನ್ನು ಕೇಳಿದೆ. ಕಡ್ಡಿಯಿಂದ ನೇರವಾಗಿ ಅಂಕಿಗೆ ಹಾರಿಸಬೇಡಿ, ನಡುವೆ ಚಿತ್ರ ಬರೆಯಲಿ ಎಂದರು. ಕಟ್ಟಿಗೆ ಉದ್ದ ಗೆರೆ, ಬಿಡಿಗೆ ಚುಕ್ಕಿ. 53 ಎಂದರೆ ಐದು ಗೆರೆ, ಮೂರು ಚುಕ್ಕಿ. ಗೆರೆಯೊಂದನ್ನು ಹೊಡೆದುಹಾಕಿ ಹತ್ತು ಚುಕ್ಕಿ ಇಡುವುದೇ ಕಟ್ಟು ಬಿಚ್ಚಿದ ಲೆಕ್ಕ. ಗಣಪತಿ ಹಬ್ಬ ಕಳೆಯುವ ಹೊತ್ತಿಗೆ ಚುಕ್ಕಿಗಳೂ ಬೇಡವಾದವು. ದಶಕಸಹಿತ ವ್ಯವಕಲನ ಎಂದು ಪುಸ್ತಕದಲ್ಲಿ ಇದಕ್ಕೆ ಗಡುಸಾದ ಹೆಸರಿದೆ. ನಮ್ಮ ಮನೆಯಲ್ಲಿ ಮಾತ್ರ ಇದು ಬಿಚ್ಚುವ ಲೆಕ್ಕ.

ಕೇಳಲು ಕೂತ ಮೇಲೆ ಬೇರೆ ಸೋಜಿಗಗಳೂ ಕಂಡವು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಆದ ಮೇಲೆ ಒಮ್ಮೊಮ್ಮೆ "ಇಪ್ಪತ್ತಹತ್ತು" ಎನ್ನುತ್ತಿದ್ದಳು. ಮೊದಲು ನಕ್ಕಿದ್ದೆ, ಆಮೇಲೆ ಯೋಚಿಸಿದರೆ ಅದರಲ್ಲಿ ತಪ್ಪೇನಿದೆ? ಇಪ್ಪತ್ತಕ್ಕೆ ಹತ್ತು ಸೇರಿದರೆ ಅದೇ ತಾನೇ. ನಮ್ಮ ಕನ್ನಡದ ಎಣಿಕೆಯಲ್ಲಿ ಇಪ್ಪತ್ತು ದಾಟಿದರೆ ಹತ್ತು ಮುಂದೆ, ಬಿಡಿ ಹಿಂದೆ. ಅರವತ್ತಮೂರು ಎಂದು ಕಿವಿಗೆ ಬಿದ್ದ ಹಾಗೆಯೇ 63 ಎಂದು ಕೈ ಬರೆಯುತ್ತದೆ. ಪಕ್ಕದ ಮನೆಯ ಹುಡುಗ ಇಂಗ್ಲಿಷಿನಲ್ಲಿ ಎಣಿಸುವಾಗ ಥರ್ಟೀನ್, ಥರ್ಟಿ ಎರಡನ್ನೂ ಕಲಸಿಕೊಂಡು ಒದ್ದಾಡುವುದನ್ನು ನೋಡಿದರೆ ನಮ್ಮ ಭಾಷೆ ಮಕ್ಕಳಿಗೆ ಎಷ್ಟು ಉಪಕಾರ ಮಾಡಿದೆ ಅನ್ನಿಸುತ್ತದೆ.

ಆದರೆ ಅದೇ ಉಪಕಾರ ನೂರು ದಾಟಿದ ಮೇಲೆ ತಿರುಗಿಬಿತ್ತು. ನೂರ ಐದು ಬರೆ ಎಂದರೆ 1005. ನೂರು ಬರೆದಳು, ಐದು ಬರೆದಳು, ಕೇಳಿದ ಹಾಗೆಯೇ. ಇದಕ್ಕೆ ಹಳೆಯ ಲಗ್ನಪತ್ರಿಕೆಗಳು ಕೆಲಸಕ್ಕೆ ಬಂದವು. ದಪ್ಪ ಕಾಗದ, ಹಿಂಬದಿ ಖಾಲಿ. ಉದ್ದದ ಪಟ್ಟಿಯ ಮೇಲೆ 100, ಅದಕ್ಕಿಂತ ಗಿಡ್ಡ ಪಟ್ಟಿಗಳ ಮೇಲೆ 10ರಿಂದ 90, ಒಂದಂಕಿಯಷ್ಟೇ ಅಗಲದ ತುಂಡುಗಳ ಮೇಲೆ 1ರಿಂದ 9. 100ರ ಬಲತುದಿಗೆ ಸರಿಯಾಗಿ 5ನ್ನು ಹೊದಿಸಿದರೆ 105. ಐದನ್ನು ಎತ್ತಿದರೆ ಅಡಿಯಲ್ಲಿ ಸೊನ್ನೆ. "ಓ, ಐದು ಸೊನ್ನೆಯ ಮೇಲೆ ಕೂತಿದೆ" ಎಂದಳು. ಸ್ಥಾನಬೆಲೆಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಹೊಳೆದಿಲ್ಲ. ಅಂಗಡಿಯಿಂದ ತರಿಸಿದ ಒಂದು ಸಾಮಾನೂ ಇಷ್ಟು ಕೆಲಸಕ್ಕೆ ಬರಲಿಲ್ಲ.

ಹಾವು-ಏಣಿ ಆಟ ಶುರು ಮಾಡಿದವಳು ಹೆಂಡತಿ. ಅದರಲ್ಲಿ ಲೆಕ್ಕವಿದೆ ಎಂದು ಅವಳಿಗೆ ಅನ್ನಿಸಿರಲಿಲ್ಲ, ಹಾಗಾಗಿ ಹೆದರಿಕೆಯೂ ಇರಲಿಲ್ಲ. ಮಗಳು 34ರ ಮನೆಯಲ್ಲಿದ್ದು ಮೂರರ ಗರ ಬಿದ್ದರೆ "ಒಂದು, ಎರಡು, ಮೂರು" ಎಂದು ಕಾಯಿ ನಡೆಸುತ್ತಿದ್ದಳು. ಹಾಗಲ್ಲ, "ಮೂವತ್ತೈದು, ಮೂವತ್ತಾರು, ಮೂವತ್ತೇಳು" ಎಂದು ಮನೆಯ ಸಂಖ್ಯೆ ಹೇಳಿಸಿ ಎಂದರು ಟೀಚರ್. ಇಷ್ಟು ಸಣ್ಣ ಬದಲಾವಣೆಯಿಂದ ಏನಾದೀತು ಎಂದುಕೊಂಡಿದ್ದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರ ಬಗ್ಗೆ ಆಮೇಲೆ ಓದಿದೆ. ಒಂದೇ ಸಾಲಿನಲ್ಲಿ 1ರಿಂದ 10ರವರೆಗೆ ಅಂಕಿ ಬರೆದ ಪಟದಲ್ಲಿ, ಹೀಗೆಯೇ ಮನೆಯ ಅಂಕಿ ಹೇಳುತ್ತ, 15 ನಿಮಿಷದಂತೆ ನಾಲ್ಕು ಸಲ ಆಡಿದ ಪುಟ್ಟ ಮಕ್ಕಳಿಗೆ ಸಂಖ್ಯೆಗಳ ಹಿಡಿತ ಬಂದಿತ್ತು. ಅಂಕಿಯ ಬದಲು ಬರೀ ಬಣ್ಣವಿದ್ದ ಪಟದಲ್ಲಿ ಆಡಿದವರಿಗೆ ಬಂದಿರಲಿಲ್ಲ. ನಮ್ಮ ಪಟದಲ್ಲಿ ಒಂದು ತೊಡಕಿತ್ತು: ಸಾಲು ಮುಗಿದಲ್ಲಿ ದಿಕ್ಕು ತಿರುಗುತ್ತದೆ, 40ರಿಂದ 41ಕ್ಕೆ ಮೇಲೆ ಹತ್ತಬೇಕು. ಮಗಳು ಅಲ್ಲಿ ತಪ್ಪದೆ ದಾರಿ ತಪ್ಪುತ್ತಿದ್ದಳು. ಹಾವು ಕಚ್ಚಿದಾಗ ಮಾತ್ರ ಲೆಕ್ಕ ಚುರುಕು. ಒಮ್ಮೆ 62ರಿಂದ 19ಕ್ಕೆ ಜಾರಿದವಳು ಎಷ್ಟು ಮನೆ ನಷ್ಟವಾಯಿತು ಎಂದು ತಾನೇ ಕೂತು ಲೆಕ್ಕ ಹಾಕಿದಳು. 43 ಎಂದು ಗೊತ್ತಾದ ಮೇಲೆ ಅಳು ಇನ್ನೂ ಜೋರಾಯಿತು.

ಹೆಂಡತಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಷಿಕಾಗೊ ವಿಶ್ವವಿದ್ಯಾಲಯದವರು ಒಂದು ಮತ್ತು ಎರಡನೇ ತರಗತಿಯ ಮಕ್ಕಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತಕ್ಕೆ ಹೆದರುವ ತಂದೆತಾಯಿ ಪದೇ ಪದೇ ಮನೆಗೆಲಸದಲ್ಲಿ ನೆರವಾದರೆ ಮಕ್ಕಳು ಆ ವರ್ಷ ಕಲಿಯುವುದು ಕಡಿಮೆ, ಹೆದರಿಕೆಯೂ ಹೆಚ್ಚು ಎಂದು ಕಂಡುಬಂದಿತ್ತು. ಇದನ್ನು ಅವಳಿಗೆ ಓದಿ ಹೇಳಿದೆ, ಅಷ್ಟು ಜಾಣತನ ಬೇಕಿರಲಿಲ್ಲ. "ಲೆಕ್ಕ ಬರುತ್ತದೆ ಎಂದು ಹಾರಾಡುವ ಅಪ್ಪಂದಿರ ಬಗ್ಗೆ ಏನು ಬರೆದಿದ್ದಾರೆ?" ಎಂದು ಕೇಳಿದಳು. ನಮ್ಮ ಮನೆಯ ಮಟ್ಟಿಗೆ ಉತ್ತರ ಸ್ಪಷ್ಟವಿತ್ತು. ಅವಳಿಗೆ ಉತ್ತರ ಗೊತ್ತಿರುತ್ತಿರಲಿಲ್ಲ, ಹಾಗಾಗಿ ಮಗಳು ಹೇಳುವುದನ್ನು ನಿಜವಾಗಿಯೂ ಕೇಳುತ್ತಿದ್ದಳು. ನಾನು ಕೇಳುವ ನಟನೆಯನ್ನು ಕಲಿಯಬೇಕಾಯಿತು. ದೇವರ ದಯೆಯ ಕಥೆಯನ್ನು ಮಗಳ ಮುಂದೆ ಹೇಳುವುದನ್ನು ಮಾತ್ರ ಇಬ್ಬರೂ ಸೇರಿ ನಿಲ್ಲಿಸಿದೆವು.

ಕೈಕೊಟ್ಟ ಪ್ರಯೋಗಗಳೂ ಇವೆ. ಪೇಟೆಗೆ ಕರೆದುಕೊಂಡು ಹೋಗಿ ಚಿಲ್ಲರೆ ಲೆಕ್ಕ ಕಲಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಸೊಪ್ಪಿನವಳ ಮುಂದೆ ನಿಲ್ಲಿಸಿ, "ಮೂರು ಕಟ್ಟಿಗೆ ನಲವತ್ತೈದು, ನೂರು ಕೊಟ್ಟರೆ ವಾಪಸ್ ಎಷ್ಟು?" ಎಂದೆ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಸೊಪ್ಪಿನವಳು ಪಾಪ, ಕನಿಕರದಿಂದ ತಾನೇ ಉತ್ತರ ಹೇಳಿ ದುಡ್ಡು ಕೈಗಿಟ್ಟಳು. ಮಗಳು ಮನೆಯವರೆಗೂ ನನ್ನ ಕೈ ಹಿಡಿಯಲಿಲ್ಲ. ಹತ್ತು ಜನರ ಎದುರು ನಿಲ್ಲಿಸಿ ಕೇಳಿದರೆ ಅದು ಪರೀಕ್ಷೆಯೇ, ಅಲ್ಲಿ ಸೊಪ್ಪಿದ್ದರೇನು, ಕಪ್ಪುಹಲಗೆ ಇದ್ದರೇನು. ಅದೇ ಲೆಕ್ಕವನ್ನು ಮನೆಯ ಜಗುಲಿಯಲ್ಲಿ, ಅವಳೇ ಅಂಗಡಿಯವಳಾಗಿ, ನಾನು ಬೇಕೆಂದೇ ಕಡಿಮೆ ದುಡ್ಡು ಕೊಟ್ಟು ಮೋಸ ಮಾಡುವ ಗಿರಾಕಿಯಾದಾಗ ಒಂದು ಪೈಸೆ ಬಿಡಲಿಲ್ಲ.

ದೀಪಾವಳಿಯ ರಜೆಯಲ್ಲಿ ಕಂಡ ಇನ್ನೊಂದು ತಪ್ಪು ನನ್ನನ್ನು ಬೆಚ್ಚಿಬೀಳಿಸಿತು. 8 + 4 = __ + 5 ಎಂದು ಬರೆದುಕೊಟ್ಟಿದ್ದೆ. ಖಾಲಿ ಜಾಗದಲ್ಲಿ 12 ಎಂದು ತುಂಬಿದಳು. ಸಮ ಚಿಹ್ನೆ ಎಂದರೆ ಅವಳಿಗೆ "ಈಗ ಉತ್ತರ ಬರೆ" ಎಂಬ ಅಪ್ಪಣೆ. ಎರಡೂ ಕಡೆ ಒಂದೇ ಎಂಬ ಅರ್ಥವನ್ನು ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬಟ್ಟೆ ತೂಗುಹಾಕುವ ಹ್ಯಾಂಗರಿನ ಎರಡೂ ತುದಿಗೆ ಒಂದೊಂದು ತೆಂಗಿನ ಕರಟ ಕಟ್ಟಿ ತಕ್ಕಡಿ ಮಾಡಿದೆವು. ಒಂದೇ ಬಗೆಯ ಒಂದು ರೂಪಾಯಿ ನಾಣ್ಯಗಳನ್ನು ಒಂದು ಕಡೆ ಎಂಟು ಮತ್ತು ನಾಲ್ಕು, ಇನ್ನೊಂದು ಕಡೆ ಐದು ಹಾಕಿದೆವು. ಸರಿತೂಗುವ ತನಕ ಒಂದೊಂದಾಗಿ ಹಾಕುತ್ತ ಹೋದಳು. ಏಳನೆಯ ನಾಣ್ಯಕ್ಕೆ ಹ್ಯಾಂಗರ್ ನೆಟ್ಟಗಾಯಿತು. ತಕ್ಕಡಿ ನೋಡಿ ಅಮ್ಮನಿಗೂ ಖುಷಿಯಾಯಿತು. ಅಲ್ಲಿಯವರೆಗೆ ಇದೆಲ್ಲ ಮಕ್ಕಳಾಟಿಕೆ, ಮಗ್ಗಿಯೇ ಗತಿ ಎನ್ನುತ್ತಿದ್ದವರು. ಮಗ್ಗಿಯನ್ನು ನಾವೂ ಬಿಡಲಿಲ್ಲ. ಆದರೆ ನಾಲ್ಕು ಮೂರಲ ಎಂದರೆ ನಾಲ್ಕು ನಾಲ್ಕು ಕಡಲೆಬೀಜದ ಮೂರು ಗುಂಪು ಎಂದು ಜೋಡಿಸಿ ನೋಡುವುದು ಸೇರಿಕೊಂಡಿತು. ಏಳರ ಮಗ್ಗಿ ಇನ್ನೂ ಬಂದಿಲ್ಲ. ಏಳೇಳಲ ಬಂದಾಗ ಅವಳು ಅಜ್ಜಿಯ ಮುಖ ನೋಡುತ್ತಾಳೆ, ಅಜ್ಜಿ ತುಟಿ ಅಲ್ಲಾಡಿಸುತ್ತಾರೆ. ನಾನು ನೋಡದ ಹಾಗೆ ಇರುತ್ತೇನೆ.

ಹೋದ ತಿಂಗಳು 63ರಲ್ಲಿ 28 ಕಳೆಯುವ ಲೆಕ್ಕಕ್ಕೆ 35 ಎಂದಳು. ಈ ಸಲ ಸರಿಯಾದ 35. ರೂಢಿಯಂತೆ "ಹೇಗೆ?" ಎಂದೆ. "ಅರವತ್ತರಲ್ಲಿ ಇಪ್ಪತ್ತು ಹೋದರೆ ನಲವತ್ತು. ಮೂರರಲ್ಲಿ ಎಂಟು ಹೋಗಬೇಕಾದರೆ ಇನ್ನೂ ಐದು ಕಡಿಮೆ ಬೀಳುತ್ತದೆ. ಆ ಐದು ಸಾಲ. ನಲವತ್ತರಲ್ಲಿ ಐದು ತೀರಿಸಿದೆ. ಮೂವತ್ತೈದು." ಕಟ್ಟನ್ನು ಬಿಚ್ಚಲೇ ಇಲ್ಲ! ನಾನು ಕೈಬಿಟ್ಟಿದ್ದ ಸಾಲವನ್ನು ಅವಳು ತನ್ನದೇ ರೀತಿಯಲ್ಲಿ ತಂದು, ವಾಪಸ್ಸೂ ಕೊಟ್ಟಿದ್ದಳು. ಇದು ಶಾಲೆಯ ಕ್ರಮವಲ್ಲವಲ್ಲ, ತಿದ್ದಬೇಕೇ ಎಂದು ಟೀಚರನ್ನು ಕೇಳಿದೆ. "ಯಾವಾಗಲೂ ಸರಿ ಬರುತ್ತದೆಯೇ ಎಂದು ಅವಳನ್ನೇ ಪರೀಕ್ಷಿಸಲು ಹೇಳಿ" ಎಂದರು. ಮಂಡಿಯಲ್ಲಿ ಕೂತು ನಾನೇ ಚೀಟಿಯ ಹಿಂದೆ ಏಳೆಂಟು ಲೆಕ್ಕ ಮಾಡಿ ನೋಡಿದೆ. ಎಲ್ಲವೂ ತಾಳೆಯಾದವು.

ಈಗ ಅವಳಿಗೆ ಸಾವಿರ ನೋಡಬೇಕಂತೆ. ಹತ್ತರ ಹತ್ತು ಕಟ್ಟು ಸೇರಿಸಿ ನೂರರ ಒಂದು ದೊಡ್ಡ ಕಟ್ಟು ಮಾಡಿಟ್ಟಿದ್ದಾಳೆ. ಅಂಥವು ಹತ್ತು ಬೇಕು. ಹಿತ್ತಿಲ ಬಾಗಿಲ ಹಿಂದೆ ಇರುತ್ತಿದ್ದ ಹೊಸ ಪೊರಕೆ ನಿನ್ನೆಯಿಂದ ಕಾಣಿಸುತ್ತಿಲ್ಲ. ಅಮ್ಮನನ್ನು ಕೇಳಿದರೆ, ಎಲ್ಲಿಟ್ಟಿದ್ದೇನೆ ಎಂದು ನಿನಗೂ ಹೇಳುವುದಿಲ್ಲ ಎನ್ನುತ್ತಾರೆ.